ಸಾಕು ಎನ್ನುವವರೆಗೆ

ಕೊಬ್ಬಿನ ಹನಿಯೊಂದು ಕೆಂಡದ ಮೇಲೆ ಬಿದ್ದು ಚುಯ್ ಎಂದಿತು, ಬೆರಳುದ್ದದ ಉರಿ ಎದ್ದು ಬಿದಿರುಕಡ್ಡಿಯನ್ನು ಮುಟ್ಟಿತು, ಅಡುಗೆಯವನು ಬೀಸಣಿಗೆ ತೆಗೆದು ರಪ್ಪೆಂದು ಒಂದು ಬೀಸು ಬೀಸಿ ಅದನ್ನು ಅಡಗಿಸಿದ — ಮತ್ತೊಂದು ಹನಿ, ಮತ್ತೊಂದು ಚುಯ್ — ಇದು ಯಾರ ಪಾಲಿನದೋ ಎಂದುಕೊಂಡಳು ಅಕ್ಕ, ತನ್ನದಾಗದಿದ್ದರೆ ಸಾಕಪ್ಪ, ಹಿಂದಿನದೇ ತಟ್ಟೆಯಲ್ಲಿ ಅರ್ಧ ಉಳಿದಿದೆ, ಗಂಟಲಲ್ಲಿ ಇಳಿಯುತ್ತಿಲ್ಲ, ಆದರೂ ಅವನು ಹಣೆಗೆ ಸುತ್ತಿದ ಬಿಳಿ ಟವೆಲಿನ ಕೆಳಗಿಂದ ಕಣ್ಣೆತ್ತಿ ಇವಳ ತಟ್ಟೆಯನ್ನೇ ನೋಡುತ್ತಿದ್ದಾನೆ, ಖಾಲಿಯಾದರೆ ಇನ್ನೊಂದು ಇಡಲು ತುದಿಗಾಲಲ್ಲಿ ನಿಂತಿದ್ದಾನೆ. ಈ ಜಪಾನಿ ಹೋಟೆಲಿನ ಪದ್ಧತಿಯೇ ಹಾಗಂತೆ, ಬಂದು ಕೂತೊಡನೆ ಬಿಸಿ ಒದ್ದೆ ಬಟ್ಟೆ ಕೊಟ್ಟ ಹುಡುಗಿ ಹೇಳಿದ್ದಳು, ಇಲ್ಲಿ ಮೆನು ಅಂತ ಇಲ್ಲ, ಕೋಳಿದು ಒಂದೊಂದೇ ಭಾಗ ಸುಟ್ಟು ಕೊಡ್ತಾ ಹೋಗ್ತಾರೆ, ನೀವು ಸಾಕು ಅನ್ನೋವರೆಗೂ ಬರ್ತಾನೇ ಇರುತ್ತೆ, ಸಾಕು ಅನ್ನೋದನ್ನ ಮಾತ್ರ ಅವರವರೇ ಹೇಳಬೇಕು, ಅಡುಗೆಯವರ ಮುಖ ನೋಡಿ ಹೇಳಬೇಕು, ಪಕ್ಕದವರು ಹೇಳಿದ್ರೆ ನಡೆಯಲ್ಲ. ಆಗ ತಮ್ಮ ಜೋರಾಗಿ ನಕ್ಕ, ನಮ್ಮಕ್ಕನ ಬಾಯಲ್ಲಿ ಆ ಮಾತು ಹುಟ್ಟಿದಾಗಿಂದ ಬಂದಿಲ್ಲ ಕಣಮ್ಮ, ಇವತ್ತು ನಿಮ್ಮ ಅಂಗಡಿ ಕೋಳಿ ಎಲ್ಲ ಖಾಲಿ, ಎಂದ. ಎಲ್ಲರೂ ನಕ್ಕರು. ಅವನಾಚೆ, ಮರದ ಕೌಂಟರ್ ತಿರುಗುವ ಮೂಲೆಯಲ್ಲಿ ಕೂತ ಅವನ ಹೆಂಡತಿಯೂ ನಕ್ಕಳು, ಇತ್ತ ಬಲಕ್ಕೆ ಕೂತ ಅವರ ಮಗಳು ಪುಟ್ಟಿಯೂ ನಕ್ಕಳು, ತಾನೂ ನಕ್ಕಳಲ್ಲ, ನಗದೆ ಏನು ಮಾಡುವುದು. ಆ ಮಾತು ಬಂದಿಲ್ಲ ಅಂತೆ. ಒಂದು ಸಲ ಬಂದಿದೆ ಕಣೋ, ಒಂದೇ ಒಂದು ಸಲ.

ತಿನ್ನಕ್ಕ, ಆರಿದ್ರೆ ಚೆನ್ನಾಗಿರಲ್ಲ — ತಮ್ಮ ತನ್ನ ಲೋಟದಿಂದ ಮಂಜುಗಡ್ಡೆಯ ಚೂರೊಂದನ್ನು ಎತ್ತಿ ಬಾಯಿಗೆ ಹಾಕಿಕೊಂಡ, ಅವನು ನೀರು ಕುಡಿಯುವಂತಿಲ್ಲ, ಅಂದರೆ ಬೇಕಾದಷ್ಟು ಕುಡಿಯುವಂತಿಲ್ಲ, ನಾಲಿಗೆ ಒಣಗಿದಾಗ ಒಂದು ಚೂರು ಮಂಜುಗಡ್ಡೆ, ಅದನ್ನು ಚೀಪುತ್ತ ಚೀಪುತ್ತ ಕಟುಕು ಕಟುಕು ಎಂದು ಕಡಿಯುತ್ತಾನೆ, ಆ ಸದ್ದು ಕೇಳಿದರೆ ಇವಳ ಹಲ್ಲು ಜುಮ್ಮೆನ್ನುತ್ತದೆ, ವಾರಕ್ಕೆ ಮೂರು ದಿನ ಅವನ ರಕ್ತವೆಲ್ಲ ಕೊಳವೆಯಲ್ಲಿ ಹೊರಗೆ ಹೋಗಿ ಮಷೀನಿನಲ್ಲಿ ತೊಳೆದುಕೊಂಡು ಒಳಗೆ ಬರುತ್ತದೆ, ಎಡಗೈಯ ನರ ಹಾವಿನಂತೆ ಊದಿಕೊಂಡಿದೆ, ಮುಟ್ಟಿದರೆ ಒಳಗೆ ಗುಂಯ್ ಎನ್ನುತ್ತದೆ, ಮುಟ್ಟಿ ನೋಡಕ್ಕ, ಮೋಟಾರು ಇಟ್ಟಿದ್ದಾರೆ, ಎಂದು ಅದನ್ನೂ ತಮಾಷೆ ಮಾಡಿದ್ದ. ಈಗ ಅವನು ತಿನ್ನುವುದನ್ನು ಬಿಟ್ಟು ತಲೆಯೆತ್ತಿ ನೋಡುತ್ತಿದ್ದಾನೆ, ಕೆಂಡದ ತೊಟ್ಟಿಯ ಮೇಲೆ ಬೋರಲು ಹಾಕಿದಂತಿರುವ ತಗಡಿನ ಹೊಗೆಗೂಡನ್ನು, ಅದು ಅವನೇ ಕಟ್ಟಿದ್ದು, ಕಾಯಿಲೆ ಬೀಳುವ ಮೊದಲಿನ ಕೊನೆಯ ದೊಡ್ಡ ಕೆಲಸ, ಹೋಟೆಲುಗಳಿಗೆ ಹೊಗೆ ಕೊಳವೆ ಕೂರಿಸುವುದೇ ಅವನ ಕಸುಬು, ನೋಡಕ್ಕ, ಒಂದು ಎಳೆ ಹೊಗೆ ಆಚೆ ಬರ್ತಿದ್ಯಾ ನೋಡು, ಈ ಕಡೆ ತಿರುವು ಕೊಟ್ಟಿದ್ದೀನಲ್ಲ ಅದೇ ಗುಟ್ಟು — ಅವನ ಹೊಗೆ ಹೊರಗೆ ಬರುವುದಿಲ್ಲ, ಎಲ್ಲವನ್ನೂ ಎಳೆದುಕೊಂಡು ಮೇಲಕ್ಕೆ ಕಳಿಸುತ್ತಾನೆ, ತನ್ನ ಹೊಗೆ ಮಾತ್ರ ಇಲ್ಲೇ ಎದೆಯಲ್ಲಿ ಸುತ್ತುತ್ತಿದೆ. ಯಾಕೆ ಬಂದೆ, ತಲೆನೋವು ಅನ್ನಬಹುದಿತ್ತು, ಅಂಗಡಿಯಲ್ಲಿ ಪರದೆ ಕತ್ತರಿಸುವ ಕೆಲಸ ಬಾಕಿ ಇದೆ ಅನ್ನಬಹುದಿತ್ತು, ಆದರೆ ಫೋನಿನಲ್ಲಿ ಅವನು, ಅಕ್ಕ, ನೀನು ಕೊಡೋಕೆ ಬಂದೆಯಲ್ಲ, ಹೊಂದಲಿಲ್ಲ ಅನ್ನೋದು ನಮ್ಮ ಹಣೆಬರಹ, ನಿಂಗೊಂದು ಊಟ ಹಾಕಿಸದಿದ್ರೆ ನಂಗೆ ಸಮಾಧಾನ ಇಲ್ಲ, ಅಂದ, ಅದಕ್ಕೆ ಇಲ್ಲ ಅನ್ನುವುದು ಹೇಗೆ. ಆಸ್ಪತ್ರೆಯ ವರಾಂಡದಲ್ಲಿ ಇವನ ಹೆಂಡತಿ ಎರಡೂ ಕೈ ಹಿಡಿದುಕೊಂಡು ಅತ್ತಿದ್ದಳು, ನನಗೆ ಸಕ್ಕರೆ ಕಾಯಿಲೆ ಅಂತ ಬಾಗಿಲಲ್ಲೇ ಹಿಂದಕ್ಕೆ ಕಳಿಸಿದ್ರು, ನೀವು ಹಿಂದೆ ಮುಂದೆ ನೋಡದೆ ಬಂದ್ರಲ್ಲ ಅಕ್ಕ, ಅಷ್ಟೇ ಸಾಕು, ಈ ಋಣ ಯಾವ ಜನ್ಮಕ್ಕೂ ತೀರಲ್ಲ, ಅವಳ ಕಣ್ಣೀರು ತನ್ನ ಮಣಿಕಟ್ಟಿನ ಮೇಲೆ ಬಿದ್ದು ಬೆಚ್ಚಗೆ ಹರಿಯಿತು, ಒರೆಸಿಕೊಳ್ಳಲು ಧೈರ್ಯವಾಗಲಿಲ್ಲ.

ಅದಕ್ಕೂ ಮೊದಲು ಆ ಕೋಣೆ. ಕೊಡುವವರಿಗೇ ಅಂತ ಬೇರೆ ಡಾಕ್ಟರು, ತಮ್ಮನನ್ನು ನೋಡುವ ಡಾಕ್ಟರಲ್ಲ, ವಯಸ್ಸಾದ ಹೆಂಗಸು, ಬಾಗಿಲು ಹಾಕಿ ಬಂದು ಎದುರಿಗೆ ಕೂರಲಿಲ್ಲ, ಪಕ್ಕದಲ್ಲಿ ಕೂತಳು, ಕಿಟಕಿಗೆ ತಿಳಿಹಸಿರು ಪರದೆ, ಅದು ತಾನು ಕೆಲಸ ಮಾಡುವ ಅಂಗಡಿಯದೇ, ತಾನೇ ಕತ್ತರಿಸಿದ್ದು, ಅಂಚು ಎಡಕ್ಕೆ ಒಂದು ನೂಲು ಎಳೆದಿದೆ, ಅವತ್ತು ಯಾಕೆ ಗಮನಿಸಲಿಲ್ಲ ಎಂದು ಅದನ್ನೇ ನೋಡುತ್ತ ಕೂತಿದ್ದಾಗ ಡಾಕ್ಟರು ಹೇಳಿದಳು, ನೋಡಿ, ಪರೀಕ್ಷೇಲಿ ನಿಮ್ಮದು ಹೊಂದಿದೆ, ಆದ್ರೆ ಇಲ್ಲಿ ನೀವು ಆಡಿದ ಮಾತು ಈ ಬಾಗಿಲು ದಾಟಲ್ಲ, ಕೊಡಬೇಕು ಅಂತ ನಿಮಗೆ ಮನಸ್ಸಿದೆಯಾ, ನಿಮಗೆ, ಮನೆಯವರಿಗಲ್ಲ, ಬೇಡ ಅನಿಸಿದ್ರೆ ಬೇಡ ಅನ್ನಿ, ಹೊಂದಲಿಲ್ಲ ಅಂತ ಅವರಿಗೆ ನಾವೇ ಹೇಳ್ತೀವಿ, ಕಾರಣ ಯಾರೂ ಕೇಳೋ ಹಾಗಿಲ್ಲ. ಯಾರೂ ಹಾಗೆ ಕೇಳಿರಲಿಲ್ಲ, ಅಮ್ಮ ಹೋದಾಗ ತಮ್ಮನ್ನ ನೋಡ್ಕೊಳ್ತೀಯಾ ಅಂತ ಯಾರೂ ಕೇಳಲಿಲ್ಲ, ಅವನನ್ನು ಸೊಂಟಕ್ಕೆ ಏರಿಸಿ ಹೋದರು, ಶಾಲೆ ಬಿಡ್ತೀಯಾ ಅಂತ ಕೇಳಲಿಲ್ಲ, ಬಂದ ಸಂಬಂಧ ವಾಪಸು ಕಳಿಸಲಾ ಅಂತ ಕೇಳಲಿಲ್ಲ, ದೂರಿಲ್ಲ, ಇಷ್ಟಪಟ್ಟೇ ಮಾಡಿದ್ದಾಯಿತು, ಅವನು ತನ್ನ ಜೀವ — ಆದರೆ ಆ ಹೆಂಗಸು ಕೇಳಿಬಿಟ್ಟಳಲ್ಲ. ಬೇಡ, ಎಂದಿತು ಬಾಯಿ. ತಾನು ಇನ್ನೂ ಯೋಚಿಸುತ್ತಿದ್ದಳು, ಬಾಯಿ ಹೇಳಿ ಮುಗಿಸಿತ್ತು. ಬೇಡ, ನನಗೆ ಭಯ, ನನ್ನ ಮೈ ಕುಯ್ಯಬೇಡಿ, ಇದೊಂದಾದರೂ ನನ್ನ ಹತ್ತಿರ ಇರಲಿ. ಡಾಕ್ಟರು ಸರಿ ಎಂದಳು, ಅಷ್ಟೇ, ಬೈಯಲೂ ಇಲ್ಲ. ಹೊರಗೆ ಬಂದು ವರಾಂಡದ ಅಳು ಮುಗಿಸಿ, ರಸ್ತೆ ದಾಟಿ ಬೆಂಚಿನ ಮೇಲೆ ಕೂತು ಕಿತ್ತಳೆ ಹಣ್ಣು ಬಿಡಿಸಿ ತಿಂದಳು, ಎಂಥ ಸಿಹಿ, ರಸ ಮೊಣಕೈವರೆಗೂ ಇಳಿಯಿತು, ಮೈಯೆಲ್ಲ ಹಗುರ, ಒಳಗಿರುವುದೆಲ್ಲ ಒಳಗೇ ಇದೆ ಎನ್ನುವ ಖುಷಿ, ಆ ದಿನ ಮಗುವಿನ ಹಾಗೆ ನಿದ್ದೆ ಬಂತು, ಅದೇ ಈಗ ಚುಚ್ಚುವುದು, ಹೆದರಿದ್ದು ಅಲ್ಲ, ಬೇಡ ಅಂದದ್ದೂ ಅಲ್ಲ, ಆ ನಿದ್ದೆ.

ತಟ್ಟೆ ಖಾಲಿಯಾಯಿತು, ಹೇಗೆ ಖಾಲಿಯಾಯಿತೋ, ತಾನೇ ತಿಂದಿರಬೇಕು, ಗುಂಡಿಗೆ ಬಂತು, ಚರ್ಮ ಬಂತು, ಗರಿಗರಿ ಮೆದುಮೂಳೆ ಬಂತು, ಪ್ರತಿಯೊಂದನ್ನೂ ಅಡುಗೆಯವನು ಎರಡೂ ಕೈಯಲ್ಲಿ ಇಡುತ್ತಾನೆ, ಇಟ್ಟು ಅದರ ಹೆಸರು ಹೇಳುತ್ತಾನೆ, ಹುಡುಗಿ ಅದನ್ನು ತಿಳಿಯುವ ಮಾತಿನಲ್ಲಿ ಹೇಳುತ್ತಾಳೆ, ಪಕ್ಕದಲ್ಲಿ ಪುಟ್ಟಿ ಆಗಲೇ ಕಡ್ಡಿ ಎಳೆದು ಬಿದಿರಿನ ಲೋಟಕ್ಕೆ ಟಕ್ ಎಂದು ಹಾಕುತ್ತಾಳೆ, ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸಿ ಬಂದ ಹಸಿವು, ಕಲ್ಲು ತಿಂದು ಕರಗಿಸುವ ವಯಸ್ಸು. ಸಾಕು ಅನ್ನು. ಈಗ ಅನ್ನು. ಅಡುಗೆಯವನ ಮುಖ ನೋಡಿದಳು, ಅವನು ತಲೆಬಾಗಿಸಿ ನಕ್ಕ, ತಾನೂ ನಕ್ಕಳು, ಅವನು ಅದನ್ನೇ ಇನ್ನೊಂದು ಬೇಕೆಂದು ತಿಳಿದು ಖುಷಿಯಿಂದ ತಿರುಗಿ ಬೇರೆ ಪಾತ್ರೆಯಿಂದ ಏನೋ ತೆಗೆದ, ಗಾಢ ಕೆಂಪಿನ ಪುಟ್ಟ ತುಂಡುಗಳು, ಉಪ್ಪು ಉದುರಿಸಿದ, ಕೆಂಡದ ಮೇಲಿಟ್ಟ, ತಿರುವಿದ, ತಿರುವಿದ, ಇಟ್ಟ. ಹೆಸರು ಹೇಳಿದ. ಹುಡುಗಿ ಒಂದು ಕ್ಷಣ ಯೋಚಿಸಿ ಹೇಳಿದಳು, ಇದು ಎಲ್ಲ ಕಡೆ ಸಿಗಲ್ಲ ಮೇಡಂ, ಬೆನ್ನಿನ ಹತ್ರ ಇರುತ್ತೆ, ಕೋಳಿದು ಕಿಡ್ನಿ. ಮೂಲೆಯಲ್ಲಿ ತಮ್ಮನ ಹೆಂಡತಿಯ ಕೈಯಲ್ಲಿದ್ದ ಚಹಾ ಲೋಟ ಅಲ್ಲೇ ನಿಂತಿತು. ಆಮೇಲೆ ತಮ್ಮ ಹೊಟ್ಟೆ ಹಿಡಿದುಕೊಂಡು ನಗತೊಡಗಿದ, ಅಯ್ಯೋ ಅಕ್ಕ, ನೋಡು, ಕೋಳಿನೇ ವಾಸಿ, ಪರೀಕ್ಷೆ ಇಲ್ಲ ಏನಿಲ್ಲ, ಕೇಳದೇನೇ ಕೊಟ್ಟುಬಿಡ್ತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ, ಸುಮ್ನಿರ್ರೀ, ಏನು ಮಾತು ಅಂತ ಆಡ್ತೀರಾ, ಅಂದಳು ಹೆಂಡತಿ, ಅವಳಿಗೂ ನಗು ತಡೆಯಲಾಗಲಿಲ್ಲ. ಕೋಳಿಯೇ ವಾಸಿ. ಹಾಗೆಂದರೆ ಏನು, ಸುಮ್ಮನೆ ಅಂದನೇ, ಬೇಕೆಂದೇ ಅಂದನೇ — ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ತನ್ನದು, ಅವನು ಹುಟ್ಟಿದ್ದೇ ತಮಾಷೆ ಮಾಡಲು, ಸ್ವಂತ ಸಾವನ್ನೂ ಬಿಟ್ಟವನಲ್ಲ — ತಿನ್ನಬೇಕು, ತಿನ್ನದಿದ್ದರೆ ಯಾಕೆ ತಿನ್ನಲಿಲ್ಲ ಅಂತ ಆಗುತ್ತದೆ, ಕಡ್ಡಿಯಿಂದ ಹಲ್ಲಲ್ಲಿ ಎಳೆದುಕೊಂಡಳು, ಮೆತ್ತಗೆ, ಬಿಸಿ, ರಕ್ತದ ಕಬ್ಬಿಣದ ರುಚಿ, ಬಿಸಿತುಪ್ಪ ಅಂತಾರಲ್ಲ, ಉಗುಳುವಂತಿಲ್ಲ ನುಂಗುವಂತಿಲ್ಲ, ನುಂಗಿದಳು, ಚೆನ್ನಾಗಿದೆ ಅಂದಳು.

ಈಗ ಸಾಸಿನದು, ಕರ್ರಗಿನ ಮಡಕೆಯಲ್ಲಿ ಅದ್ದಿ ತೆಗೆದ ಕೋಳಿಯುಂಡೆ, ಜೊತೆಗೆ ಮೊಟ್ಟೆಯ ಹಳದಿ ಲೋಳೆ, ಆ ಮಡಕೆಯನ್ನು ಪೂರ್ತಿ ಬರಿದು ಮಾಡುವುದೇ ಇಲ್ಲವಂತೆ, ಹಳೆಯದರ ಮೇಲೆ ಹೊಸದು ಸುರಿಯುತ್ತ ಹೋಗುತ್ತಾರಂತೆ, ಹುಡುಗಿ ಅದನ್ನು ಹೇಳುತ್ತಿದ್ದಾಳೆ, ತೋಳಿಗೆ ಹತ್ತೀತು ಜೋಪಾನ ಎನ್ನುತ್ತಿದ್ದಾಳೆ, ಪುಟ್ಟಿ ಅಂಗಿಯ ತೋಳನ್ನು ಮೇಲಕ್ಕೆ ಮಡಿಸಿಕೊಂಡಳು, ಬಲಗೈದು, ಎಡಗೈದು — ಎಡ ಮೊಣಕೈಯ ಒಳಮಡಿಕೆಯಲ್ಲಿ ದುಂಡನೆಯ ಹತ್ತಿ, ಮೇಲೆ ಅಡ್ಡಕ್ಕೆ ಅಂಟುಪಟ್ಟಿ, ಹತ್ತಿಯ ನಡುವೆ ಸಾಸಿವೆಯಷ್ಟು ಕಂದು ಚುಕ್ಕೆ. ಮೊದಲು ಕಂಡದ್ದು ತನಗೆ, ಆದರೆ ಕೇಳಿದ್ದು ಅವಳ ಅಮ್ಮ, ಏನೇ ಅದು ಕೈಗೆ, ಎಂದಳು. ಏನಿಲ್ಲಮ್ಮ, ರಕ್ತ ಕೊಟ್ಟೆ. ಎಲ್ಲಿ. ಅಪ್ಪನ ಆಸ್ಪತ್ರೆಲಿ. ಯಾಕೆ. ಯಾಕೆ ಅಂದ್ರೆ ಏನಮ್ಮ, ಅತ್ತೆದು ಹೊಂದಲಿಲ್ಲ, ನಿಂದು ಆಗಲ್ಲ, ಇನ್ನ್ಯಾರಿದ್ದಾರೆ, ನಾನು ತಾನೆ, ಎಲ್ಲರೂ ಒಟ್ಟಿಗೆ ಇದ್ದಾಗ ಹೇಳೋಣ ಅಂತಿದ್ದೆ, ನೀನೇ ಕೇಳಿಬಿಟ್ಟೆ. ತಮ್ಮ ನಗುತ್ತಿರಲಿಲ್ಲ. ಅವನ ಮುಖದಿಂದ ನಗು ಹೋದರೆ ಮುಖವೇ ಇರುವುದಿಲ್ಲ, ಬರೀ ಬೂದಿಬಣ್ಣದ ಚರ್ಮ, ಊದಿದ ಕಣ್ಣು, ಮೊದಲ ಸಲ ಸರಿಯಾಗಿ ಕಾಣಿಸಿತು, ಎಷ್ಟು ಇಳಿದುಹೋಗಿದ್ದಾನೆ. ನಂಗೆ ಬೇಡ, ಎಂದ. ಅಪ್ಪ ಕೇಳು — ನಂಗೆ ಬೇಡ ಅಂದ್ನಲ್ಲ, ನಿನ್ನದನ್ನ ಇಟ್ಕೊಂಡು ನಾನು ಯಾವ ಸುಖಕ್ಕೆ ಬದುಕಲಿ, ಮಷೀನಿದೆ, ನಡೀತಿದೆ, ನಡೆಯೋಷ್ಟು ದಿನ ನಡೀಲಿ. ಎಷ್ಟು ದಿನ ನಡಿಯುತ್ತಪ್ಪ, ಅದನ್ನ ಹೇಳು. ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು, ಗಂಡನನ್ನು ನೋಡಿದಳು, ಮಗಳನ್ನು ನೋಡಿದಳು, ಯಾರ ಕಡೆ ಮಾತಾಡಿದರೂ ಇನ್ನೊಬ್ಬರನ್ನು ಕಳೆದುಕೊಳ್ಳಬೇಕು, ಹತ್ತಿ, ಕಂದು ಚುಕ್ಕೆ, ತನ್ನ ಮೊಣಕೈಯಲ್ಲೂ ಅದೇ ಜಾಗದಲ್ಲಿ ಇತ್ತು, ಅಂಟುಪಟ್ಟಿ ಕೀಳುವಾಗ ರೋಮ ಕಿತ್ತು ಬಂದು ಹಾ ಅಂದಿದ್ದು ನೆನಪಿದೆ, ಇವಳ ಮೈಯನ್ನು ಕುಯ್ಯುತ್ತಾರೆ, ಈ ಈಜುವ ಮೈಯನ್ನು, ಇವಳು ನಡೆಯಲು ಕಲಿತದ್ದು ತನ್ನ ಬೆರಳು ಹಿಡಿದು, ಇವಳ ಅಂಗಿಗಳಿಗೆ ತಾನೇ ಕತ್ತರಿ ಹಾಕಿ ಹೊಲಿದದ್ದು, ಹೇಳು, ಈಗ ಹೇಳು, ನಂದು ಹೊಂದುತ್ತೆ ಅನ್ನು — ಅಡುಗೆಯವನು ಇನ್ನೊಂದು ಇಟ್ಟ. ತಲೆಬಾಗಿಸಿದ. ತಾನೂ ತಲೆಬಾಗಿಸಿದಳು.

ಹೆದರಿದ್ಯಾ ಪುಟ್ಟಿ, ಎಂದು ಕೇಳಿದ್ದು ಅವಳ ಅಮ್ಮ, ಸಣ್ಣ ದನಿಯಲ್ಲಿ, ಸೋತವಳ ಹಾಗೆ. ಹೆದರೋದು ಏನಮ್ಮ, ಒಳ್ಳೆ ಡಾಕ್ಟರು, ಸೂಜಿ ಚುಚ್ಚಿ ಆದ್ಮೇಲೆ ಒಂದು ರೂಮಿಗೆ ಕರ್ಕೊಂಡು ಹೋದ್ರು, ನನ್ನೊಬ್ಬಳನ್ನೇ, ಬಾಗಿಲು ಹಾಕಿ — ಬೇಡ ಪುಟ್ಟಿ, ಬೇಡ, ಆ ಬಾಗಿಲು ತೆಗೆಯಬೇಡ — ಬಾಗಿಲು ಹಾಕಿ ಏನು ಕೇಳಿದ್ರು ಗೊತ್ತಾ, ನಿಂಗೆ ನಿಜವಾಗ್ಲೂ ಇಷ್ಟ ಇದೆಯಾ, ಇಲ್ಲಾಂದ್ರೆ ಈಗ್ಲೇ ಹೇಳು, ಹೊಂದಲಿಲ್ಲ ಅಂತ ನಿಮ್ಮ ಮನೆಯವರಿಗೆ ನಾವು ಹೇಳ್ತೀವಿ, ಯಾರಿಗೂ ಗೊತ್ತಾಗಲ್ಲ ಅಂದ್ರು, ನಂಗೆ ನಗು ಬಂದ್ಬಿಡ್ತು, ಹಾಗೂ ಹೇಳೋರು ಇರ್ತಾರಾ ಮೇಡಂ ಅಂತ ಕೇಳ್ದೆ, ತುಂಬ ಜನ ಇರ್ತಾರಮ್ಮ, ತಪ್ಪೇನಿಲ್ಲ ಅಂದ್ರು. ಕಟುಕು ಕಟುಕು ನಿಂತಿತು. ತಮ್ಮನ ಬಾಯಲ್ಲಿ ಮಂಜುಗಡ್ಡೆ ಹಾಗೇ ಇತ್ತು. ಮೂಲೆಯಲ್ಲಿ ಅವನ ಹೆಂಡತಿ ಮಗಳ ಮುಖದಿಂದ ಕಣ್ಣು ಕಿತ್ತು ಮೆಲ್ಲಗೆ, ತುಂಬ ಮೆಲ್ಲಗೆ ಇತ್ತ ತಿರುಗಿದಳು, ಹುಬ್ಬಿನ ನಡುವೆ ಏನೋ ಒಂದು ಎಳೆಯಿಂದ ಇನ್ನೊಂದು ಎಳೆಗೆ ಸೇರುತ್ತಿದೆ, ಇನ್ನೊಂದು ಗಳಿಗೆ ಸಾಕು, ಸೇರಿಬಿಡುತ್ತದೆ — ಅದೆಲ್ಲ ಚಿಕ್ಕವರಿಗೆ ಕಣೇ, ಎಂದ ತಮ್ಮ, ಗಬಕ್ಕನೆ, ಮಂಜುಗಡ್ಡೆ ಕೆನ್ನೆಗೆ ತಳ್ಳಿಕೊಂಡು, ಇಪ್ಪತ್ತು ದಾಟಿದ ಹುಡುಗ ಹುಡುಗಿಯರನ್ನ ಹಾಗೆ ಕೇಳ್ತಾರೆ, ಒತ್ತಾಯ ಮಾಡಿ ಕಳಿಸಿರ್ತಾರೇನೋ ಅಂತ, ದೊಡ್ಡೋರನ್ನ ಕೇಳಲ್ಲ, ಅಕ್ಕನ್ನ ಯಾರೂ ಹಾಗೆ ಕೇಳ್ಲಿಲ್ಲ, ನಾನು ಹೊರಗೇ ಕೂತಿದ್ದೆನಲ್ಲ, ಅಕ್ಕಂದು ಹೊಂದಲಿಲ್ಲ ಅಷ್ಟೇ. ಅಕ್ಕನನ್ನು ಕೇಳಿದರಾ ಎಂದು ಇಲ್ಲಿ ಯಾರು ಕೇಳಿದರು? ಯಾರೂ ಕೇಳಿರಲಿಲ್ಲ. ಪುಟ್ಟಿ ಕೇಳಲಿಲ್ಲ, ಅವಳ ಅಮ್ಮ ಬಾಯಿ ಬಿಟ್ಟಿರಲಿಲ್ಲ. ತನ್ನ ಹೆಗಲನ್ನು ತಾನು ಮುಟ್ಟಿಕೊಳ್ಳುವ ಮೊದಲು ಅವನು ಕೈಚಾಚಿ ಒರೆಸಿಬಿಟ್ಟನಲ್ಲ. ಗೊತ್ತಿದೆ ಇವನಿಗೆ. ಇವತ್ತಲ್ಲ, ವರಾಂಡದಲ್ಲೇ ಗೊತ್ತಿತ್ತು, ಬಾಗಿಲು ತೆಗೆದು ಹೊರಗೆ ಬಂದ ಅಕ್ಕನ ಮುಖ ಒಂದು ಸಲ ನೋಡಿದರೆ ಸಾಲದೇ, ಆ ಮುಖವನ್ನು ಅವನಷ್ಟು ಓದಿದವರು ಯಾರಿದ್ದಾರೆ, ಗೊತ್ತಿದ್ದೂ ಫೋನು ಮಾಡಿದ, ಗೊತ್ತಿದ್ದೂ ಕರೆದುಕೊಂಡು ಬಂದ, ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ತಿನ್ನಿಸುತ್ತಿದ್ದಾನೆ, ಕೋಪವಿಲ್ಲ, ಕೊಂಕಿಲ್ಲ, ನೋಡಿದರೆ ಅವನು ನೋಡುತ್ತಿರುವುದು ತನ್ನನ್ನಲ್ಲ, ಮೇಲಿನ ಹೊಗೆಗೂಡನ್ನು, ಅವನು ಅಳದಿರಲು ಮಾಡುವ ಕೆಲಸ ಅದು, ಚಿಕ್ಕಂದಿನಿಂದಲೂ ಅದೇ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು ಕಣೋ. ಛೀ ಅಂದಿದ್ದರೂ ಬದುಕಿಕೊಳ್ಳುತ್ತಿದ್ದೆ. ಹೀಗೆ ಕಾಪಾಡಿದರೆ ನಾನು ಎಲ್ಲಿಗೆ ಹೋಗಲಿ.

ಸದ್ಯ, ಅಂತ ಪುಟ್ಟಿ ಉಸಿರು ಬಿಟ್ಟಳು, ಅತ್ತೆನ ಹಾಗೆ ಕೇಳಿದ್ರೆ ಅವರಿಗೆ ಸರಿಯಾಗಿ ಉಗಿದು ಬರ್ತಿದ್ರು, ಅಲ್ವಾ ಅತ್ತೆ — ನಕ್ಕು ಒರಗಿದಳು, ಅವಳ ತಲೆಗೂದಲಿನಿಂದ ಈಜುಕೊಳದ ವಾಸನೆ, ಇದು ನಿಮಗೆ ಅತ್ತೆ, ತುಂಬಾ ಚೆನ್ನಾಗಿದೆ, ನೀವೇನೂ ತಿಂತಾನೇ ಇಲ್ಲ, ಎಂದು ತನ್ನ ತಟ್ಟೆಯ ಕೊನೆಯ ತುಂಡನ್ನು ಊಟದ ಜೋಡಿ ಕಡ್ಡಿಗಳಲ್ಲಿ ಹಿಡಿದು ಎಡಗೈಯನ್ನು ಅದರ ಕೆಳಗೆ ತಟ್ಟೆಯಂತೆ ಒಡ್ಡಿ ಇತ್ತ ಚಾಚಿದಳು, ಮೊಣಕೈ ಬಿಚ್ಚಿತು, ಒಳಮಡಿಕೆ ಬೆಳಕಿಗೆ ಬಂತು, ಹತ್ತಿ, ಅಂಟುಪಟ್ಟಿ, ಕೆಂಡದ ಕೆಂಪು ಬೆಳಕಿನಲ್ಲಿ ಚುಕ್ಕೆ ಕಪ್ಪಗೆ ಕಂಡಿತು, ಇದನ್ನು ಬಾಯಿ ತೆರೆದು ತೆಗೆದುಕೊಂಡರೆ ಮುಗಿಯಿತು, ಊಟ ಮುಗಿಯುತ್ತದೆ, ಮನೆಗೆ ಹೋಗಬಹುದು, ಅವನು ಈ ಮಾತನ್ನು ಸಾಯುವವರೆಗೆ ಎತ್ತುವುದಿಲ್ಲ, ಅವನು ಸಾಯುವವರೆಗೆ, ಅಥವಾ ಇವಳನ್ನು ಆಪರೇಷನ್ ಟೇಬಲ್ ಮೇಲೆ ಮಲಗಿಸುವವರೆಗೆ, ಅಕ್ಕ, ತಿನ್ನು, ಅಂದ ತಮ್ಮ, ತಗ್ಗಿದ ದನಿಯಲ್ಲಿ, ಅದು ತಿನ್ನು ಎಂಬ ಮಾತಲ್ಲ, ಸುಮ್ಮನಿರು ಎಂಬ ಮಾತು, ಬೇಡಿಕೊಳ್ಳುವ ಮಾತು, ಹತ್ತಿ, ಚುಕ್ಕೆ, ನನ್ನನ್ನೂ ಕೇಳಿದ್ರು ಪುಟ್ಟಿ. ಅದೇ ರೂಮಲ್ಲಿ. ನಾನು ಬೇಡ ಅಂದೆ. ಯಾರ ದನಿ ಇದು, ಇಷ್ಟು ಸಾಧಾರಣವಾಗಿ, ಉಪ್ಪು ಕೊಡು ಅಂದ ಹಾಗೆ — ತಮ್ಮ ಕಣ್ಣು ಮುಚ್ಚಿದ, ಮೂಲೆಯಲ್ಲಿ ಲೋಟ ಉರುಳಿತು, ಚಹಾ ಮರದ ಮೇಲೆ ಹರಿದು ಬರುತ್ತಿದೆ, ಯಾರೂ ಒರೆಸುತ್ತಿಲ್ಲ, ಬೈಗುಳ ಬರುತ್ತದೆ, ಅಳು ಬರುತ್ತದೆ, ಬರಲಿ, ಆದರೆ ಈ ಕೈ, ಈ ಕೈ ಹಿಂದಕ್ಕೆ ಹೋಗುತ್ತಿಲ್ಲವಲ್ಲ, ತುಂಡು ಗಾಳಿಯಲ್ಲಿ ನಿಂತಿದೆ, ಮೊಣಕೈ ಮಡಚುತ್ತಿಲ್ಲ, ಹತ್ತಿಯ ಅಂಚು ಬಿಟ್ಟುಕೊಂಡಿದೆ, ಒಳಗೆ ಸೂಜಿ ಚುಚ್ಚಿದ ಜಾಗ, ಚುಕ್ಕೆ, ಮಡಚು ಪುಟ್ಟಿ, ಕೈ ಮಡಚು, ಹತ್ತಿ, ಚುಕ್ಕೆ